ರೋಜಾ ತಿಂಗಳ ಉಪ್ಪು

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಹಿಂದಿನ ಓಣಿಯಲ್ಲಿ ಬುಡನಸಾಬನ ಹೋಟೆಲು ಇತ್ತು. ಹೋಟೆಲು ಅಂದರೆ ಅವನ ಮನೆಯ ಪಡಸಾಲೆಯೇ. ನಾಲ್ಕು ಬೆಂಚು, ಮೂಲೆಯಲ್ಲಿ ನೀರಿನ ಹರವಿ, ಬಾಗಿಲ ಹತ್ತಿರ ಗಲ್ಲಾ ಪೆಟ್ಟಿಗೆ. ಗೋಡೆಯ ಆಚೆ ಅಡಿಗೆಮನೆ. ಗಂಗಾಳ ಕೊಟ್ಟು ತೆಗೆದುಕೊಳ್ಳಲು ಗೋಡೆಯಲ್ಲಿ ಒಂದು ಕಿಂಡಿ. ಹೊರಗೆ ಬೋರ್ಡು ಇರಲಿಲ್ಲ. ಜನ ಅದನ್ನು ‘ಹತ್ತರ ಹೋಟೆಲು’ ಅನ್ನುತ್ತಿದ್ದರು. ಮುಂಜಾನೆಯ ಚಹಾ ಅಲ್ಲಿ ಸಿಗುತ್ತಿರಲಿಲ್ಲ, ಮಧ್ಯಾಹ್ನದ ಊಟವೂ ಸಿಗುತ್ತಿರಲಿಲ್ಲ. ನಸುಕಿನಲ್ಲಿ ಮನೆ ಬಿಟ್ಟು ಚೀಲ ಹೇರಿಕೊಂಡು ಬಂದ ರೈತನಿಗೆ ಹತ್ತು ಗಂಟೆಗೆ ಹೊಟ್ಟೆ ಕೂಗುತ್ತದೆ. ನಾಷ್ಟಾ ಮಾಡಿದರೆ ಸಾಲುವುದಿಲ್ಲ, ಊಟಕ್ಕೆ ಕೂತರೆ ವ್ಯಾಪಾರ ತಪ್ಪುತ್ತದೆ. ಆ ಹೊತ್ತಿಗೆ ಒಂದು ಗಂಗಾಳ ಬಿಸಿ ಕುಷ್ಕಾ, ಮೇಲೆ ಹುಳಿಬೇಳೆ, ಬದಿಗೆ ಒಂದು ಉಳ್ಳಾಗಡ್ಡಿ. ಕುಷ್ಕಾ ಅಂದರೆ ಮಾಂಸವಿಲ್ಲದ ಮಸಾಲೆ ಅನ್ನ. ಮಾಂಸ ಆ ಒಲೆಯ ಮೇಲೆ ಏರಿದ್ದೇ ಇಲ್ಲ. ಹಾಗಾಗಿ ಎಲ್ಲ ಜಾತಿಯವರೂ ಬಂದು ಕೂಡುತ್ತಿದ್ದರು.

ಹೆಸರು ಬುಡನಸಾಬನದಾದರೂ ಕೈ ಅವನ ಹೆಂಡತಿ ಬಿಸ್ಮಿಲ್ಲಾಬಿಯದು. ಬುಡನಸಾಬ ಮೊದಲು ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದವನು. ಚೀಲ ಹೊತ್ತು ಹೊತ್ತು ಅವನ ನಡ ಹಿಡಿದ ವರ್ಷ ಬಿಸ್ಮಿಲ್ಲಾಬಿ ಡಬರಿಯ ತುಂಬ ಕುಷ್ಕಾ ಮಾಡಿ ತಲೆಯ ಮೇಲೆ ಹೊತ್ತು ಪೇಟೆಗೆ ನಡೆದಳು. ಡಬರಿ ಖಾಲಿಯಾಗಿ ಮನೆಗೆ ಬಂತು. ಮನೆ ಬಿದ್ದು ಹೋಗದೆ ನಿಂತಿತು. ಬೆಂಚುಗಳು ಬಂದದ್ದು, ಗಲ್ಲಾ ಬಂದದ್ದು, ಮಗ ಅಬ್ದುಲರಜಾಕನಿಗೆ ರಾಣೇಬೆನ್ನೂರಿನಿಂದ ಜೈತೂನಬಿ ಎಂಬ ಸೊಸೆ ಬಂದದ್ದು, ಎಲ್ಲ ಆ ಡಬರಿಯ ಹಿಂದೆ ಬಂದವು.

ಗಲ್ಲಾದ ಮುಂದೆ ಕೂತವನಿಗೆ ಊರಿನ ನಾಲಗೆಗಳ ಪರಿಚಯ ತಾನಾಗಿ ಆಗುತ್ತದೆ. ಯಾರು ಖಾರ ಬೇಡುತ್ತಾರೆ, ಯಾರು ಹುಳಿ ಬೇಡುತ್ತಾರೆ, ಯಾರು ಉಂಡದ್ದನ್ನು ಹೊಗಳಿದರೆ ತಮ್ಮ ಮರ್ಯಾದೆ ಕಡಿಮೆಯಾದೀತು ಎಂದು ಸುಮ್ಮನೆ ಹೋಗುತ್ತಾರೆ, ಎಲ್ಲ ಬುಡನಸಾಬನಿಗೆ ಗೊತ್ತಿತ್ತು. ಆದರೆ ತೊಂಬತ್ತಮೂರರಲ್ಲಿ, ಬಿಸ್ಮಿಲ್ಲಾಬಿ ಜ್ವರ ಬಂದು ಮಲಗಿ ಎದ್ದ ಮಳೆಗಾಲ ಕಳೆದು, ಹೊಸ ಮೆಣಸಿನಕಾಯಿ ಪೇಟೆಗೆ ಇಳಿಯತೊಡಗಿದಾಗ ಅದೇ ನಾಲಗೆಗಳು ಅವನ ತಲೆ ತಿನ್ನತೊಡಗಿದವು.

ಮೊದಲು ಬಾಯಿ ತೆಗೆದವನು ದಿವಾನಜಿ ಪರಮೇಶಪ್ಪ. ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು, ಇಸ್ತ್ರಿ ಅಂಗಿಯ ಮನುಷ್ಯ. ಅರ್ಧ ಉಂಡು ಗಂಗಾಳ ಸರಿಸಿದ.

“ಸಾಬರ, ಸಮುದ್ರದ ನೀರು ತಂದು ಹಾಕೀರೇನು? ಉಪ್ಪು ನಾಲಿಗಿ ಸುಡಾಕತ್ತೈತಿ.”

ಪಕ್ಕದಲ್ಲೇ ಹಮಾಲ ಮೈಲಪ್ಪ ಉಣ್ಣುತ್ತಿದ್ದ. ಬೆವರಿನಿಂದ ಅವನ ಬನಿಯನ್ನು ಬೆನ್ನಿಗೆ ಅಂಟಿತ್ತು. ಅವನು ಕಿಂಡಿಯ ಕಡೆ ಕೈ ಚಾಚಿ ಹರಳುಪ್ಪು ಇಸಿದುಕೊಂಡು ಗಂಗಾಳದ ಅಂಚಿಗೆ ಇಟ್ಟುಕೊಂಡ. “ಕುಂತು ಬರಿಯೋರಿಗೆ ಉಪ್ಪು ಹೆಚ್ಚ ಆಗೂದ. ನಮ್ಮಂಗ ಎರಡು ಲಾರಿ ಇಳಸು, ಆಮ್ಯಾಲ ಮಾತಾಡು” ಎಂದ.

ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರ ಮುಖಂಡಳಂತಿದ್ದ ಚೌಡವ್ವ ಬಾಗಿಲ ಬದಿ ಕೂತು ಉಣ್ಣುವವಳು. ಅವಳಿಗೆ ಉಪ್ಪಿನ ತಕರಾರು ಇರಲಿಲ್ಲ. ಮಸಾಲೆಯ ವಾಸನೆ ಸತ್ತಿದೆ ಎನ್ನುವುದು ಅವಳ ತಕರಾರು. ಕುಪ್ಪೇಲೂರಿನ ಕಡೆಯ ರೈತನೊಬ್ಬ ಎಲ್ಲ ಸರಿ ಇದೆ, ಹುಳಿ ಮಾತ್ರ ಹಲ್ಲು ಜುಮ್ಮೆನಿಸುತ್ತದೆ ಎಂದ. ಡಬರಿ ಒಂದೇ, ಅನ್ನ ಒಂದೇ. ಬುಡನಸಾಬ ಯಾರ ಮಾತಿಗೆ ಗೋಣು ಹಾಕಬೇಕು?

ಅವನದೊಂದು ರೂಢಿ ಇತ್ತು. ಬೆಂಚು ಖಾಲಿಯಾದ ಮೇಲೆ ಒಳಗೆ ಹೋಗಿ, ಒಲೆಯ ಮುಂದೆ ಕಾಲು ಚಾಚಿ ಕೂತ ಹೆಂಡತಿಗೆ ಆ ದಿನ ಯಾರು ಏನೆಂದರು ಎಂಬುದನ್ನು ಒಂದೂ ಬಿಡದೆ ಹೇಳುವುದು. ಮೊದಲಿನ ವರ್ಷಗಳಲ್ಲಿ ಅದು ಅವರಿಬ್ಬರ ನಗೆಯ ಹೊತ್ತಾಗಿತ್ತು. ಈಗ ಬಿಸ್ಮಿಲ್ಲಾಬಿ ನಗುತ್ತಿರಲಿಲ್ಲ. ದಿವಾನಜಿ ಉಪ್ಪು ಹೆಚ್ಚೆಂದ ಎಂದರೆ ಮರುದಿನ ಕೈ ಬಿಗಿ ಹಿಡಿಯುತ್ತಿದ್ದಳು. ಆ ದಿನ ಮೈಲಪ್ಪನ ಜೊತೆ ಪರಮೇಶಪ್ಪನೂ ಉಪ್ಪು ಬೇಡುತ್ತಿದ್ದ. ಇಬ್ಬರೂ ಸಪ್ಪೆ ಎಂದರೆ ಮೂರನೆಯ ದಿನ ಇನ್ನೊಂದು ಹಿಡಿ ಬೀಳುತ್ತಿತ್ತು. ಆಗ ಮೈಲಪ್ಪನೇ ನೀರು ಕುಡಿದು ಕುಡಿದು ಹರವಿ ಬರಿದು ಮಾಡುತ್ತಿದ್ದ.

ಬುಡನಸಾಬನಿಗೆ ಮಾತ್ರ ಯಾವ ದಿನವೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಮದುವೆಯಾದಾಗಿನಿಂದ ಆ ಕೈಯಿಂದ ಬಂದದ್ದೇ ಅವನಿಗೆ ರುಚಿ. ಉಪ್ಪು ಹೆಚ್ಚಾದ ದಿನ ಇಂದು ಬಿಸಿಲು ಜೋರಿದೆ ಎಂದು ನೀರು ಕುಡಿಯುವನು, ಕಡಿಮೆಯಾದ ದಿನ ಉಪ್ಪಿನಕಾಯಿ ನೆಕ್ಕುವನು.

ಹೋಟೆಲಿನಲ್ಲಿ ಉಳಿದದ್ದನ್ನೇ ಮನೆಯವರು ಉಣ್ಣುವುದು. ಒಂದು ಮಧ್ಯಾಹ್ನ ಜೈತೂನಬಿ ತುತ್ತು ಬಾಯಿಗಿಟ್ಟು, “ಅಮ್ಮಾ, ಬ್ಯಾಳಿಗೆ ಉಪ್ಪು ಎರಡು ಸಲ ಬಿದ್ದಂಗ ಐತಿ” ಎಂದಳು. ತಪ್ಪು ಹುಡುಕುವ ದನಿಯಲ್ಲಿ ಹೇಳಿರಲಿಲ್ಲ. ಆದರೂ ಬಿಸ್ಮಿಲ್ಲಾಬಿ ಉಣ್ಣುವುದನ್ನು ನಿಲ್ಲಿಸಿದಳು.

“ರಾಣೇಬೆನ್ನೂರಿನ್ಯಾಗ ಉಪ್ಪು ಸೇರಿನಿಂದ ಅಳದು ಹಾಕ್ತಾರೇನೋ. ನಾ ಈ ಒಲಿ ಹಚ್ಚಿದಾಗ ನೀ ತೊಟ್ಟಿಲದಾಗೂ ಇರಲಿಲ್ಲ. ಸೌಟು ಬೇಕಂದ್ರ ಬಾಯಿ ಬಿಟ್ಟು ಕೇಳು, ಉಪ್ಪಿನ ನೆಪ ಯಾಕ?”

ಅಂದಿನಿಂದ ಜೈತೂನಬಿ ಬೇಳೆಗೆ ನೀರು ಬೆರೆಸಿಕೊಂಡು ಉಣ್ಣುತ್ತಿದ್ದಳು. ಅತ್ತೆ ಅದನ್ನೂ ನೋಡುತ್ತಿದ್ದಳು. ನೋಡಿ, ಪಾತ್ರೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ಇಡುತ್ತಿದ್ದಳು. ಬುಡನಸಾಬ ಇಬ್ಬರ ನಡುವೆ ಕೂತು ತುತ್ತು ನುಂಗುತ್ತಿದ್ದ. ಹೊರಗೆ ಬೆಂಚಿನವರ ಕಿರಿಕಿರಿ, ಒಳಗೆ ಪಾತ್ರೆಗಳ ಕಿರಿಕಿರಿ. ಹೋಟೆಲಿನವನಾಗಿಯೂ ಅವನಿಗೆ ಉಣ್ಣುವ ಹೊತ್ತೇ ಬೇಸರವಾಗತೊಡಗಿತು.

ಇದರ ಮೇಲೆ ಇನ್ನೊಂದು ಸುದ್ದಿ ಬಂತು. ಹಣ ಕೊಡಲು ಗಲ್ಲಾದ ಹತ್ತಿರ ಬಂದ ಚೌಡವ್ವ ದನಿ ತಗ್ಗಿಸಿ, ನಿಮ್ಮ ರಜಾಕ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತ ಕೂತಿದ್ದ, ನಾನು ಕಣ್ಣಾರೆ ಕಂಡೆ ಎಂದಳು. ಬುಡನಸಾಬನ ಮುಖ ಕಪ್ಪಿಟ್ಟಿತು. ಕಿಂಡಿಯ ಆಚೆ ಬಿಸ್ಮಿಲ್ಲಾಬಿಯ ಬಳೆಯ ಸದ್ದೂ ನಿಂತಿತು.

ಅಂದು ಸಂಜೆ ರಜಾಕ ಕಟ್ಟಿಗೆ ಇಳಿಸಿ ಒಳಗೆ ಬಂದಾಗ ತಾಯಿ ಅವನ ಮುಂದೆ ಗಂಗಾಳ ಇಡಲಿಲ್ಲ. ಇಡ್ಲಿ ಅರಗಿದೆಯೋ ಇಲ್ಲವೋ ಎಂದು ಕೇಳಿದಳು. ರಜಾಕ ಮುಚ್ಚಿಡುವ ಹುಡುಗನಲ್ಲ. ತಿಂದದ್ದು ಹೌದು ಎಂದ. ಗಂಗಾಳ ಒಯ್ದು ಕೊಡುವವನು ತಾನು, ಜನರ ಮುಖ ನೋಡುವವನೂ ತಾನು. ದಿನಕ್ಕೊಂದು ರುಚಿಯಾದರೆ ಯಾರು ಬರುತ್ತಾರೆ, ಹಾವೇರಿ ಕಡೆಯ ರೈತರು ಆಗಲೇ ಬಸ್‌ಸ್ಟ್ಯಾಂಡಿಗೆ ಹೊರಳಿದ್ದಾರೆ ಎಂದ. ಕಡೆಗೆ ಮನಸ್ಸಿನಲ್ಲಿದ್ದದ್ದನ್ನು ಹೊರಗೆ ಹಾಕಿದ.

“ಹಾವೇರ್ಯಾಗ ಒಬ್ಬ ಅಡಿಗಿಯವ ಅದಾನ. ಮದುವಿ ಅಡಿಗಿ ಮಾಡೋ ಮನಷ್ಯಾ. ರಂಜಾನ್ ಈದ್ ಆದ ಮ್ಯಾಲ ಅವನ್ನ ಕರ್ಕೊಂಡು ಬರ್ತೀನಿ. ಅಮ್ಮಾ ಇನ್ನ ಆರಾಮ ಕುಂದರ್ಲಿ.”

“ನನ್ನ ಒಲಿ ಮುಂದ ಬ್ಯಾರೆ ಗಂಡಸು ನಿಂದರ್ತಾನ?” ಎಂದಳು ಬಿಸ್ಮಿಲ್ಲಾಬಿ. “ನಾ ಎಲ್ಲಿ ಕುಂದರ್ಲಿ? ಬೆಂಚಿನ ಮ್ಯಾಲೋ, ಹಾಸಿಗಿ ಮ್ಯಾಲೋ?”

ಬುಡನಸಾಬ, ಈದ್ ಬರಲಿ, ಆಮೇಲೆ ನೋಡೋಣ ಎಂದು ಎದ್ದ. ಏಳುವಾಗ ನಡ ಹಿಡಿದುಕೊಂಡಿತು.

ಆ ವರ್ಷ ರಂಜಾನ್ ತಿಂಗಳು ಸರಿಯಾಗಿ ಪೇಟೆಯ ಸುಗ್ಗಿಯಲ್ಲೇ ಬಂತು. ಹೋಟೆಲು ಮುಚ್ಚಿದರೆ ವರ್ಷದ ಗಳಿಕೆಯೇ ಹೋಗುತ್ತದೆ. ಹಾಗಾಗಿ ಬಾಗಿಲಿಗೆ ಒಂದು ಹಳೆಯ ಚಾದರ ಇಳಿಬಿಟ್ಟು ಹೋಟೆಲು ನಡೆಸಿದರು. ಮನೆಯ ನಾಲ್ವರಿಗೂ ರೋಜಾದ ಉಪವಾಸ, ಬೆಂಚಿನ ಮೇಲಿನವರಿಗೆ ಕುಷ್ಕಾ. ರೋಜಾ ಇದ್ದವರು ಅಡಿಗೆ ಮಾಡುವಾಗ ನಾಲಗೆಯ ತುದಿಗೆ ಹಚ್ಚಿ ಉಗುಳಬಹುದು, ಅದಕ್ಕೆ ದೋಷವಿಲ್ಲ ಎಂದು ಮಸೀದಿಯಲ್ಲಿ ಹೇಳಿದ್ದನ್ನು ರಜಾಕ ಬಂದು ಹೇಳಿದ. ಬಿಸ್ಮಿಲ್ಲಾಬಿ ಕೇಳಲಿಲ್ಲ. ಅವಳು ಯಾವ ವರ್ಷವೂ ಹಚ್ಚಿದವಳಲ್ಲ. ಎಸರು ಕುದಿಯುವಾಗ ಮಡಕೆಗೆ ಕೈ ಹಾಕುವಳು, ಮುಷ್ಟಿ ಬಿಗಿದು ಉಪ್ಪು ತೆಗೆಯುವಳು, ಹಾಕುವಳು, ಮುಚ್ಚಳ ಮುಚ್ಚುವಳು. ಅಷ್ಟೇ. ಮತ್ತೆ ಮುಚ್ಚಳ ತೆಗೆಯುತ್ತಿರಲಿಲ್ಲ.

ರೋಜಾ ಸುರುವಾದ ಮೊದಲ ವಾರದಲ್ಲೇ ದಿವಾನಜಿ ಪರಮೇಶಪ್ಪ ಇನ್ನೊಂದು ಗಂಗಾಳ ಬೇಡಿದ. ಮೈಲಪ್ಪ ಹರಳುಪ್ಪು ಕೇಳುವುದನ್ನು ಮರೆತ. ಚೌಡವ್ವ ಉಂಡದ್ದಲ್ಲದೆ ಮೊಮ್ಮಗಳಿಗೆಂದು ಮುತ್ತಲ ಎಲೆಯಲ್ಲಿ ಕಟ್ಟಿಸಿಕೊಂಡು ಹೋದಳು. ಬಸ್‌ಸ್ಟ್ಯಾಂಡಿಗೆ ಹೊರಳಿದ ರೈತರಲ್ಲಿ ಕೆಲವರು ಚಾದರ ಸರಿಸಿ ಇಣುಕಿ, ಐತೇನ್ರಿ ಇನ್ನಾ ಎಂದು ಕೇಳತೊಡಗಿದರು. ಎಲ್ಲ ಬಾಯಿಗಳೂ ಒಂದೇ ಮಾತು ಆಡಿದವು. ಬುಡನಸಾಬ ಗಲ್ಲಾದ ಮುಂದೆ ಕೂತು ಇದೆಲ್ಲ ರಂಜಾನ್ ತಿಂಗಳ ಬರಕತ್ತು, ದೇವರ ದಯೆ ಎಂದುಕೊಂಡ. ಒಳಗೆ ಹೋಗಿ ಹೇಳಿದಾಗ ಬಿಸ್ಮಿಲ್ಲಾಬಿ ಬಹಳ ದಿನಗಳ ಮೇಲೆ ನಕ್ಕಳು. “ಆ ಇಸ್ತ್ರಿ ಅಂಗಿಯವನೂ ಹೊಗಳಿದ್ನಾ? ರೋಜಾದಾಗ ಸುಳ್ಳು ಹೇಳಬಾರದು ಮತ್ತ” ಎಂದು ಎರಡೆರಡು ಸಲ ಕೇಳಿದಳು. ರಜಾಕನೂ ಅಡಿಗೆಯವನ ಮಾತು ಎತ್ತಲಿಲ್ಲ. ಜೈತೂನಬಿ ಮಾತ್ರ ಉಳ್ಳಾಗಡ್ಡಿ ಹೆಚ್ಚುತ್ತ ಅತ್ತೆಯ ಕೈಯನ್ನೇ ನೋಡುತ್ತಿದ್ದಳು.

ಈದ್ ಬಂತು. ನಮಾಜು ಮುಗಿಸಿ ಬರುವಷ್ಟರಲ್ಲಿ ಬಿಸ್ಮಿಲ್ಲಾಬಿ ಸುರಕುಂಬಾ ಮಾಡಿ ಇಟ್ಟಿದ್ದಳು. ಹಾಲು, ಶಾವಿಗೆ, ಖಜೂರ, ಗೋಡಂಬಿ. ರೋಜಾ ಮುಗಿದಿತ್ತು, ಬಾಯಿಗೆ ಬಿಡುವು ಸಿಕ್ಕಿತ್ತು. ಸೌಟಿನಿಂದ ಅಂಗೈಗೆ ಹಾಕಿಕೊಂಡು ನೆಕ್ಕಿದಳು. ಸಕ್ಕರೆ ಹಾಕಿದಳು. ಮತ್ತೆ ನೆಕ್ಕಿದಳು, ಮತ್ತೆ ಹಾಕಿದಳು.

ಊರ ಗೆಳೆಯರು ಬಂದರು. ಪರಮೇಶಪ್ಪ ಒಂದು ಗುಟುಕು ಕುಡಿದು, ಇವತ್ತು ಹೊಟ್ಟೆ ಸರಿ ಇಲ್ಲ ಎಂದ. ಮೈಲಪ್ಪ ಬಟ್ಟಲು ಎತ್ತಿದವನು ಕೆಳಗೆ ಇಟ್ಟು ನೀರು ಕೇಳಿದ. ಚೌಡವ್ವ ತುಟಿ ಒರೆಸಿಕೊಂಡಳು. ತುಟಿ ತುಟಿಗೆ ಅಂಟುತ್ತಿತ್ತು. ಹಬ್ಬದ ದಿನ, ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಅವರು ಹೋದ ಮೇಲೆ ಬಿಸ್ಮಿಲ್ಲಾಬಿ ಬಟ್ಟಲು ಎತ್ತಲು ಬಂದಳು. ಎಲ್ಲ ಬಟ್ಟಲುಗಳೂ ಅರ್ಧಕ್ಕೆ ನಿಂತಿದ್ದವು. ಅವಳು ಅವನ್ನು ಒಂದರ ಪಕ್ಕ ಒಂದು ಜೋಡಿಸಿ ಬಹಳ ಹೊತ್ತು ನೋಡಿದ್ದನ್ನು ಬುಡನಸಾಬ ಕಂಡ. ದಣಿದಿದ್ದಾಳೆ ಎಂದುಕೊಂಡ.

ಮರುದಿನ ನಸುಕಿನಲ್ಲಿ ಎದ್ದು ಅವಳು ಮತ್ತೆ ರೋಜಾ ಹಿಡಿದಳು. ಈದಿನ ಮರುದಿನದಿಂದ ಶವ್ವಾಲ್ ತಿಂಗಳ ಆರು ರೋಜಾ ಹಿಡಿಯುವವರು ಇದ್ದಾರೆ, ಪುಣ್ಯದ ಕೆಲಸ. ಆರೂ ಮುಗಿದವು. ಏಳನೆಯ ದಿನವೂ ಅವಳು ನೀರು ಮುಟ್ಟಲಿಲ್ಲ. ಕೇಳಿದರೆ ಹರಕೆ ಎಂದಳು. ಯಾವ ಹರಕೆ ಎಂದು ಕೇಳಿದರೆ, ಹರಕೆ ಹೇಳಬಾರದು ಎಂದಳು.

ಬಿಸಿಲು ಏರಿತು. ಒಲೆಯ ಮುಂದೆ ನಿಂತರೆ ಉಂಡವನಿಗೇ ಕಣ್ಣು ಕತ್ತಲೆ ಬರುವ ದಿನಗಳು. ಬಿಸ್ಮಿಲ್ಲಾಬಿಯ ಕೆನ್ನೆ ಒಳಗೆ ಸೇರಿತು, ಬಳೆ ಮೊಣಕೈಯತ್ತ ಜಾರತೊಡಗಿದವು. ಹೋಟೆಲಿನಲ್ಲಿ ಮಾತ್ರ ಯಾರದೂ ತಕರಾರಿಲ್ಲ. ಪೇಟೆ ಇಲ್ಲದ ದಿನವಾದರೂ ರೋಜಾ ಬಿಡು ಎಂದು ಬುಡನಸಾಬ ಅಂದ, ಬೈದ, ಒಂದು ಹೊತ್ತು ತಾನೂ ಉಣ್ಣದೆ ಸಿಟ್ಟು ಮಾಡಿ ಕೂತ. ಅವನ ಹಸಿವು ಅವನನ್ನೇ ಸೋಲಿಸಿತು. ಅವಳು ಜಗ್ಗಲಿಲ್ಲ. ರಜಾಕನಿಗೆ ಬೇರೆ ಉರಿ. ಹೋಟೆಲಿನವರು ತಾಯಿಯನ್ನು ಉಪವಾಸ ಕೆಡವಿ ಊರಿಗೆ ಉಣ್ಣಿಸುತ್ತಾರೆ ಎಂದು ಜನ ಆಡಿಕೊಳ್ಳುತ್ತಾರೆ ಎಂದ. ಅವಳು ಒಲೆಯ ಮುಂದೆ ಬಿದ್ದ ಮೇಲೆ ಅಡಿಗೆಯವನನ್ನು ಕರೆಯುವುದಕ್ಕಿಂತ ಈಗಲೇ ಕರೆಯುವುದು ಚಲೋ ಎಂದು ಹೇಳಿ, ಯುಗಾದಿಯ ದಿನ ಪೇಟೆ ಮುಚ್ಚಿದ್ದ ಕಾರಣ, ಹಾವೇರಿಯ ಬಸ್ಸು ಹತ್ತಿದ.

ಪ್ರತಿ ಯುಗಾದಿಗೂ ಚೌಡವ್ವ ಬೇವು-ಬೆಲ್ಲ ತಂದು ಕೊಡುವುದು ವಾಡಿಕೆ. ಬೇವಿನ ಹೂವು, ಎಲೆ, ಹುಣಸೆ ನೀರು, ಬೆಲ್ಲ ಕಲಸಿದ ಪಾನಕ. ಪ್ರತಿ ವರ್ಷವೂ ಬಿಸ್ಮಿಲ್ಲಾಬಿ ಒಂದು ಕಣ್ಣು ಮುಚ್ಚಿ ಕುಡಿದು, ನಿಮ್ಮ ಹಬ್ಬ ನಮ್ಮ ಬಾಯಿಗೆ ಜುಲ್ಮಾನೆ ಎಂದು ಗೇಲಿ ಮಾಡುತ್ತಿದ್ದಳು. ಈ ಸಲ ರೋಜಾ ಬಿಡುವ ಹೊತ್ತು ನೋಡಿಕೊಂಡು ಚೌಡವ್ವ ಸಂಜೆ ಬಂದಳು. ಖಜೂರ ತಿಂದು ನೀರು ಕುಡಿದ ಬಿಸ್ಮಿಲ್ಲಾಬಿಗೆ ಒಂದು ಬಟ್ಟಲು, ಬುಡನಸಾಬನಿಗೆ ಒಂದು, ಜೈತೂನಬಿಗೆ ಒಂದು ಕೊಟ್ಟಳು.

ಬುಡನಸಾಬ ಬಾಯಿಗೆ ಹಾಕಿದ. ಹಾಕಿದವನಿಗೆ ಮೈಯೆಲ್ಲ ಒಮ್ಮೆ ನಡುಗಿತು. ಬರೀ ಬೇವು. ಅವಸರದಲ್ಲಿ ಚೌಡವ್ವ ಮೇಲಿನ ನೀರಷ್ಟೇ ತುಂಬಿಕೊಂಡು ಬಂದಿದ್ದಳು. ಕರಗದ ಬೆಲ್ಲ ಅವಳ ಮನೆಯ ಪಾತ್ರೆಯ ತಳದಲ್ಲೇ ಕೂತಿತ್ತು. ಜೈತೂನಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಬಿಸ್ಮಿಲ್ಲಾಬಿ ಎರಡೂ ಕಣ್ಣು ತೆರೆದುಕೊಂಡೇ ಬಟ್ಟಲು ಖಾಲಿ ಮಾಡಿದಳು. ತಳದಲ್ಲಿದ್ದ ಎಲೆಯನ್ನೂ ಬೆರಳಿನಿಂದ ತೆಗೆದು ಅಗಿದಳು.

“ಈ ಸಲ ಬೆಲ್ಲಾ ಮುಂದ ಮಾಡೀದಿ ಚೌಡವ್ವ” ಎಂದಳು. “ಚಲೋ ಆಗೈತಿ.”

ಚೌಡವ್ವ ಆಗಲೇ ತನ್ನ ಬೆರಳು ಅದ್ದಿ ನಾಲಗೆಗೆ ಹಚ್ಚಿಕೊಂಡಿದ್ದಳು. ಅವಳು ಬಿಸ್ಮಿಲ್ಲಾಬಿಯ ಮುಖ ನೋಡಿದಳು, ಬುಡನಸಾಬನ ಮುಖ ನೋಡಿದಳು. “ಹೌದವ್ವಾ, ಬೆಲ್ಲಾ ಹೆಚ್ಚ ಬಿತ್ತು” ಎಂದು ಪಾತ್ರೆ ಎತ್ತಿಕೊಂಡು ಹೊರಟಳು.

ಬುಡನಸಾಬ ತನ್ನ ಬಟ್ಟಲನ್ನು ಹೆಂಡತಿಯ ಮುಂದೆ ಸರಿಸಿದ.

“ಯಾವಾಗಿಂದ?” ಎಂದ.

ಅವಳು ಬಟ್ಟಲು ನೋಡಿದಳು. ಗೊತ್ತಿಲ್ಲದವಳಂತೆ ಮಾಡಬಹುದಿತ್ತು, ಮಾಡಲಿಲ್ಲ. ಮಳೆಗಾಲದಲ್ಲಿ ಜ್ವರ ಬಂದು ಮಲಗಿದ್ದಳಲ್ಲ, ಎದ್ದಾಗಿನಿಂದ ಎಂದಳು. ಬಿಸಿ ಗೊತ್ತಾಗುತ್ತದೆ, ಖಾರ ಚುಚ್ಚುವುದು ಗೊತ್ತಾಗುತ್ತದೆ. ಉಪ್ಪು, ಹುಳಿ, ಸಿಹಿ ಎಲ್ಲ ಬೂದಿ ತಿಂದ ಹಾಗೆ. ಇಂದು ಬಂದೀತು, ನಾಳೆ ಬಂದೀತು ಎಂದು ಕಾದಳು.

“ಹೇಳಬಾರದಿತ್ತಾ?”

“ಯಾರಿಗೆ? ನಿಮಗಾ? ದಿನಾ ಬಂದು ಒಬ್ಬೊಬ್ಬರ ಮಾತು ನನ್ನ ಮುಂದ ಸುರೀತಿದ್ರಿ. ಒಬ್ಬ ಹೆಚ್ಚಂದ, ತಗದೆ. ಇನ್ನೊಬ್ಬ ಕಡಿಮಿ ಅಂದ, ಹಾಕಿದೆ. ನನ್ನ ನಾಲಿಗಿ ಸುಮ್ನ ಕುಂತೈತಿ, ನಾ ಊರ ನಾಲಿಗಿ ಹಿಡಕೊಂಡು ಅಡಿಗಿ ಮಾಡಿದೆ. ಊರಿಗೆ ಒಂದ ನಾಲಿಗಿ ಇರತೈತೇನು?”

ಅವಳ ದನಿ ಏರಿತು. ಬುಡನಸಾಬ ತಲೆ ತಗ್ಗಿಸಿದ. ಅಷ್ಟು ತಿಂಗಳು ಒಂದೂ ಬಿಡದೆ ಒಳಗೆ ಹೊತ್ತು ಹಾಕಿದ ಮಾತುಗಳೆಲ್ಲ ಅವನಿಗೆ ಈಗ ಚೀಲದ ಹಾಗೆ ಬೆನ್ನ ಮೇಲೆ ಕೂತವು.

“ಕೈಗೆ ಗೊತ್ತೈತಿ” ಎಂದಳು ಅವಳು. “ರೋಜಾದಾಗ ತಿಳೀತು. ಬಾಯಿ ಕಟ್ಟಿದ್ರ ಕೈ ತಪ್ಪಂಗಿಲ್ಲ. ಈದಿನ ದಿನ ಬಾಯಿ ಬಿಚ್ಚಿದೆ, ಎಲ್ಲಾರ ಮುಂದ ಮಾನ ಹೋತು.”

“ಹಂಗಾರ ರುಚಿ ನೋಡದ ಮಾಡು. ರೋಜಾ ಯಾಕ? ಸಾಯಾಕ?”

“ರೋಜಾ ಇಲ್ಲದ ದಿನ ಸೌಟು ತಾನಾ ಬಾಯಿಗೆ ಬರತೈತಿ. ಇಷ್ಟ ವರ್ಷದ ಚಟಾ. ದೇವರ ಹೆಸರು ನಡುವ ಇದ್ರ ಅಷ್ಟ ನಿಂದರತೈತಿ.”

ಇಷ್ಟು ಹೊತ್ತು ಗೋಡೆಗೆ ಆತು ನಿಂತಿದ್ದ ಜೈತೂನಬಿ ಬಟ್ಟಲುಗಳನ್ನು ಎತ್ತಿಕೊಂಡಳು. ಅವಳ ಮುಖ ಕೆಂಪಾಗಿತ್ತು. ತನಗೆ ರಂಜಾನಿನಲ್ಲೇ ಗೊತ್ತಾಗಿತ್ತು ಎಂದಳು. ಮುಚ್ಚಳ ತೆಗೆಯದ ದಿನ ಸರಿ, ತೆಗೆದ ದಿನ ತಪ್ಪು. ಒಲೆಯ ಪಕ್ಕ ಕೂತವಳಿಗೆ ಕಾಣುವುದಿಲ್ಲವೇ?

“ಗೊತ್ತಿದ್ದಾಕಿ ಬಾಯಿ ಯಾಕ ಮುಚ್ಕೊಂಡಿದ್ದಿ?” ಎಂದಳು ಬಿಸ್ಮಿಲ್ಲಾಬಿ.

“ಉಪ್ಪು ಹೆಚ್ಚ ಆಗೈತಿ ಅಂದ ದಿನ ಸೌಟು ಕಸಿಯಾಕಿ ಆದೆ ನಾನು. ನಾಲಿಗಿ ಹೋಗೈತಿ ಅಂದಿದ್ರ ಏನ್ ಆಗ್ತಿದ್ದೆ ಅಮ್ಮಾ?”

ಆ ಬೇಳೆಗೆ ನೀರು ಬೆರೆಸಿಕೊಂಡು ಉಣ್ಣುವುದನ್ನಾದರೂ ಬಿಡು, ನೋಡಿದರೆ ಮೈ ಉರಿಯುತ್ತದೆ ಎಂದಳು ಬಿಸ್ಮಿಲ್ಲಾಬಿ. ಅದಕ್ಕಿಂತ ಹೆಚ್ಚಿನ ಮಾತು ಅವಳಿಂದ ಬರುವ ಹಾಗಿರಲಿಲ್ಲ. ಸೊಸೆ ಬಟ್ಟಲು ತೊಳೆಯಲು ಹೋದಳು.

ಮುಂದಿನ ಪೇಟೆಯ ದಿನ ಬೆಳಕು ಹರಿದ ಮೇಲೆ ಬಿಸ್ಮಿಲ್ಲಾಬಿ ಒಲೆಯ ಮುಂದೆ ಕೂತು, ಎಲ್ಲರಿಗೂ ಕಾಣುವ ಹಾಗೆ, ಅರ್ಧ ರೊಟ್ಟಿ ಮುರಿದು ಚಹಾದಲ್ಲಿ ಅದ್ದಿ ತಿಂದಳು. ಬುಡನಸಾಬ ಕಿಂಡಿಯಿಂದ ನೋಡುತ್ತಿದ್ದ. ರಜಾಕ ಹಾವೇರಿಯಿಂದ ಆ ದಿನ ಅಡಿಗೆಯವನನ್ನು ಕರೆತರುವುದಾಗಿ ಹೇಳಿ ಕಳಿಸಿದ್ದ. ಇಂದು ಡಬರಿ ಕೆಟ್ಟರೆ ಮುಗಿಯಿತು. ನಾಳೆಯಿಂದ ಆ ಜಾಗದಲ್ಲಿ ಅವಳು ಇರುವುದಿಲ್ಲ. ಅದು ಮೂವರಿಗೂ ಗೊತ್ತಿತ್ತು.

ಎಸರು ಕುದಿಯಿತು. ಮುಷ್ಟಿ ಬಿಗಿದು ಉಪ್ಪು ಹಾಕಿದಳು. ಮುಚ್ಚಳ ಮುಚ್ಚಿದಳು. ಹುಳಿಬೇಳೆಗೆ ಒಗ್ಗರಣೆ ಕೊಟ್ಟಳು, ಸೌಟು ಆಡಿಸಿದಳು, ಸೌಟು ಎತ್ತಿದಳು. ಅದು ತಾನಾಗಿ ಬಾಯಿಯ ಕಡೆ ಹೊರಟಿತು. ಜೈತೂನಬಿ ಉಳ್ಳಾಗಡ್ಡಿ ಬಿಟ್ಟು ಅಂಗೈ ಚಾಚಿದಳು. ಸೌಟು ನಡುವೆಯೇ ನಿಂತಿತು. ಅತ್ತೆ ಸೊಸೆಯ ಅಂಗೈಯನ್ನು, ಅಳತೆ ತೂಕ ನೋಡುವವರ ಹಾಗೆ, ನೋಡಿದಳು. ಆಮೇಲೆ ನಾಲ್ಕು ಹನಿ ಹಾಕಿದಳು.

ಜೈತೂನಬಿ ನೆಕ್ಕಿದಳು. “ಸಾಕು” ಎಂದಳು.

“ಖರೇ ಹೇಳು.”

“ಸಾಕು ಅಂದ್ನೆಲ್ಲ ಅಮ್ಮಾ.”

ಬಿಸ್ಮಿಲ್ಲಾಬಿಯ ಇನ್ನೊಂದು ಕೈ ಆಗಲೇ ಉಪ್ಪಿನ ಮಡಕೆಯತ್ತ ಹೋಗಿತ್ತು. ಜೈತೂನಬಿ ಮಡಕೆ ಎತ್ತಿ ತನ್ನ ಬೆನ್ನ ಹಿಂದೆ ಇಟ್ಟುಕೊಂಡಳು. ಅತ್ತೆ ಬೈದಳು. ಸೊಸೆ ಬೈಸಿಕೊಂಡಳು, ಮಡಕೆ ಕೊಡಲಿಲ್ಲ.

ಹತ್ತು ಗಂಟೆಗೆ ಬೆಂಚು ತುಂಬಿದವು. ರಜಾಕ ಅಡಿಗೆಯವನ ಜೊತೆ ಬಂದ. ಅಡಿಗೆಯವನ ಹೆಗಲ ಮೇಲೆ ಜರಿಯಂಚಿನ ವಸ್ತ್ರ, ಬಾಯಲ್ಲಿ ಎಲೆಯಡಿಕೆ. ಹತ್ತು ಊರಿನ ಮದುವೆಗೆ ಉಣ್ಣಿಸಿದ ಗತ್ತು. ಎಲೆಯಡಿಕೆ ಉಗುಳಿ ಬಂದು ಕೂತು ಉಂಡ. ಅರ್ಧ ಉಂಡು, ಬಣ್ಣ ಸಾಲದು, ಸ್ವಲ್ಪ ಕೇಸರಿ ಬಣ್ಣ ಹಾಕಬೇಕು, ಅನ್ನ ಇನ್ನೂ ಉದುರಾಗಬೇಕು ಎಂದು ರಜಾಕನಿಗೆ ಕಲಿಸಿದ. ಪೂರಾ ಉಂಡು, ಇಂಥ ಕಟ್ಟಿಗೆಯ ಒಲೆಯಲ್ಲಿ ನಾನು ಮಾಡುವವನಲ್ಲ, ಗ್ಯಾಸು ಹಾಕಿಸಿಕೊಡಬೇಕು, ಕೈ ಕೆಳಗೆ ಇಬ್ಬರು ಬೇಕು ಎಂದ. ಎಂದವನು ಗಂಗಾಳ ಚಾಚಿ ಇನ್ನೊಂದಿಷ್ಟು ಹಾಕಿಸಿಕೊಂಡ.

“ಬಣ್ಣ ಹಾಕಿದ್ರ ನಾ ಬರಂಗಿಲ್ಲ” ಎಂದಳು ಚೌಡವ್ವ ಬಾಗಿಲ ಬದಿಯಿಂದ. “ಅದನ್ನ ತೊಳಿಯೋರು ಯಾರು, ನನ್ನ ಸೀರಿಯಿಂದ?”

ರಜಾಕ ತಂದೆಯನ್ನು ನೋಡಿದ. ಬುಡನಸಾಬ ಗಲ್ಲಾದ ಮೇಲಿನ ಧೂಳು ಒರೆಸುತ್ತಿದ್ದ. ಸುಗ್ಗಿ ಮುಗಿಯಲಿ, ಆಮೇಲೆ ನೋಡೋಣ ಎಂದು ರಜಾಕ ತಾನೇ ಹೇಳಿ ಅಡಿಗೆಯವನನ್ನು ಬಸ್ಸಿಗೆ ಬಿಡಲು ಹೋದ. ಹೋಗುವಾಗ ಅವನ ಮುಖದಲ್ಲಿ ಸಮಾಧಾನವೇನೂ ಇರಲಿಲ್ಲ. ಸುಗ್ಗಿ ಮುಗಿದ ಮೇಲೆ ಈ ಮಾತು ಮತ್ತೆ ಬರುತ್ತದೆ ಎಂದು ಬುಡನಸಾಬನಿಗೂ ಗೊತ್ತಿತ್ತು.

ದಿವಾನಜಿ ಪರಮೇಶಪ್ಪ ಹಣ ಕೊಡಲು ಬಂದು ತುಟಿ ಚಪ್ಪರಿಸಿದ. “ಸಾಬರ, ಇವತ್ತ ಉಪ್ಪು ಒಂದ ಹಳ್ಳು ಮುಂದ ಆತು ನೋಡ್ರಿ.”

ಹಿಂದಿನಿಂದ ಮೈಲಪ್ಪ, “ನನಗ ಒಂದ ಹಳ್ಳು ಕಡಿಮಿ” ಎಂದ.

“ಹಂಗಾರ ನಾಳಿಂದ ಇಬ್ಬರೂ ಒಂದ ಗಂಗಾಳದಾಗ ಉಣ್ರಿ” ಎಂದ ಬುಡನಸಾಬ. “ಸರಿ ಹೋಗತೈತಿ.”

ಬೆಂಚಿನವರು ನಕ್ಕರು. ಪರಮೇಶಪ್ಪ ನಗಲಿಲ್ಲ, ಆದರೆ ನಾಳೆ ಬರುವುದಿಲ್ಲ ಎಂದೂ ಹೇಳಲಿಲ್ಲ.

ಬೆಂಚು ಖಾಲಿಯಾದ ಮೇಲೆ ಬುಡನಸಾಬ ರಂಜಾನಿನಿಂದ ಬಾಗಿಲಲ್ಲೇ ಉಳಿದಿದ್ದ ಚಾದರ ಮಡಚಿಟ್ಟು ಒಳಗೆ ಹೋದ. ಬಿಸ್ಮಿಲ್ಲಾಬಿ ಒಲೆಯ ಮುಂದೆ ಕಾಲು ಚಾಚಿ ಕೂತಿದ್ದಳು. ಡಬರಿಯ ತಳ ಕಾಣುತ್ತಿತ್ತು. ಜೈತೂನಬಿ ಉಳಿದದ್ದನ್ನು ಗಂಗಾಳಗಳಿಗೆ ಬಡಿಸುತ್ತಿದ್ದಳು, ಬೇಳೆಗೆ ನೀರು ಬೆರೆಸಿರಲಿಲ್ಲ.

“ಏನಂದ್ರು?” ಎಂದಳು ಬಿಸ್ಮಿಲ್ಲಾಬಿ.

ಬುಡನಸಾಬ ಗಂಗಾಳದ ಮುಂದೆ ಕೂತ. “ಏನಂತಾರ? ಉಂಡ್ರು, ಹೋದ್ರು.”

“ಪರಮೇಶಪ್ಪನ ದನಿ ಕೇಳ್ತಿತ್ತು.”

“ಅಂವ ಬಿಸಲಿನ ಸುದ್ದಿ ಹೇಳ್ತಿದ್ದ.”

ಅವಳು ಅವನ ಮುಖವನ್ನೇ ನೋಡಿದಳು. ಆಮೇಲೆ ಸೊಸೆಯ ಬೆನ್ನ ಹಿಂದಿದ್ದ ಉಪ್ಪಿನ ಮಡಕೆಯನ್ನು ಎಳೆದು ಮತ್ತೆ ತನ್ನ ಬದಿಗೆ ಇಟ್ಟುಕೊಂಡಳು.

“ಹೇಳ್ರಿ ಹೇಳ್ರಿ” ಎಂದಳು. “ಇವತ್ತ ಯಾರಿಗೂ ರೋಜಾ ಇಲ್ಲ. ಸುಳ್ಳು ಹೇಳಿದ್ರ ನಡೀತೈತಿ.”